ವಂಶಾವಳಿಯನ್ನು ಕೆಳಗಿನಿಂದ ಓದಬೇಕು

ಠಾಣೆಯ ಬಳಿಯ ದಿವಾ ಜಂಕ್ಷನ್ನಿನ ಸುತ್ತ ಇಂದು ಗದ್ದೆಗಿಂತ ಕಟ್ಟಡವೇ ಹೆಚ್ಚು. ಆದರೂ ಅಲ್ಲಿನ ಹಳೆಯ ಊರುಗಳಲ್ಲಿ ಅಷ್ಟಿಷ್ಟು ಜಮೀನು ಉಳಿಸಿಕೊಂಡಿರುವ ಮನೆತನಗಳಲ್ಲಿ ಹಿರಿಯರೊಬ್ಬರು ತೀರಿಕೊಂಡರೆ, ಕರ್ಮಾಂತರಗಳು ಮುಗಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ತಲಾಠಿಯ ಕಚೇರಿಗೆ ಹೋಗಿ ಸಾತ್‌ಬಾರಾ ಉತಾರೆಯಲ್ಲಿ, ಅಂದರೆ ಅಲ್ಲಿನ ಪಹಣಿಯಲ್ಲಿ, ವಾರಸುದಾರರ ಹೆಸರು ಏರಿಸಬೇಕು; ಅದಕ್ಕೆ ಮೊದಲು ಮನೆತನದ ವಂಶಾವಳಿ ಬರೆದುಕೊಡಬೇಕು. ನಮ್ಮ ಕಡೆಯ ರೈತನಿಗೂ ಈ ಕೆಲಸ ಹೊಸದಲ್ಲ. ಪೌತಿ ಖಾತೆಗೆ ಅರ್ಜಿ ಹಾಕಿದವನನ್ನು ಗ್ರಾಮ ಆಡಳಿತ ಅಧಿಕಾರಿ ಮೊದಲು ಕೇಳುವುದೇ ವಂಶವೃಕ್ಷ. ಅಜ್ಜನಿಗೆ ಎಷ್ಟು ಮಂದಿ ಮಕ್ಕಳು, ಅವರಲ್ಲಿ ಯಾರು ಇದ್ದಾರೆ, ಯಾರು ಸಂತಾನವಿಲ್ಲದೆ ಹೋದರು, ಹೆಣ್ಣುಮಕ್ಕಳು ಎಲ್ಲಿದ್ದಾರೆ ಎಂಬುದೆಲ್ಲ ಅಲ್ಲಿ ಸಾಲಾಗಿ ಬರಬೇಕು. ಯಾರೂ ಪೂರ್ವಜರ ಮೇಲಿನ ಪ್ರೀತಿಯೊಂದರಿಂದಲೇ ಆ ಕಾಗದ ಬರೆಯಿಸುವುದಿಲ್ಲ. ಎಕರೆ ಗುಂಟೆಗಳು ಕೈತಪ್ಪದಿರಲಿ ಎಂದು ಬರೆಯಿಸುತ್ತಾರೆ. ವಂಶಾವಳಿಯೆಂಬುದು ನಮ್ಮ ನೆಲದಲ್ಲಿ ಮೊದಲಿನಿಂದಲೂ ಜಮೀನಿನ ಕಾಗದವೇ ಆಗಿತ್ತು ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿ ದಿವಾದಿಂದ ಬಹಳ ದೂರವೇನೂ ಇಲ್ಲ. ಠಾಣೆ, ಭಾಂಡೂಪ, ಭಿವಂಡಿಯ ಪಕ್ಕದ ಭಾದಾಣೆ, ಈ ಊರುಗಳ ಹೆಸರಿನಲ್ಲೇ ಪ್ರಸಿದ್ಧವಾಗಿರುವ ತಾಮ್ರಪಟಗಳಲ್ಲಿ ಆ ಸಾಕ್ಷಿ ಇದೆ. ಅವುಗಳನ್ನು ಓದುವಾಗ ಕನ್ನಡಿಗರ ಕಿವಿ ಒಂದೆರಡು ಕಡೆ ನಿಮಿರುವುದೂ ಸಹಜ.

ಸುಮಾರು 9ನೇ ಶತಮಾನದ ಆರಂಭದಿಂದ 13ನೇ ಶತಮಾನದ ನಡುವಿನವರೆಗೆ ಉತ್ತರ ಕೊಂಕಣವನ್ನು ಆಳಿದವರು ಶಿಲಾಹಾರರು. ಅವರ ರಾಜಧಾನಿ ಪುರಿ. ಶ್ರೀಸ್ಥಾನಕ, ಅಂದರೆ ಇಂದಿನ ಠಾಣೆ, ಅವರ ದೊಡ್ಡ ಪಟ್ಟಣ. ಅವರ ದಾನಶಾಸನಗಳೆಲ್ಲ ಬಹುತೇಕ ಒಂದೇ ಅಚ್ಚಿನವು. ಮೂರು ತಾಮ್ರದ ಹಲಗೆಗಳು, ಅವನ್ನು ಪೋಣಿಸಿದ ಬಳೆ, ಬಳೆಯ ಮೇಲೆ ಗರುಡನ ಮುದ್ರೆ. ಓದಲು ತೊಡಗಿದರೆ ಮೊದಲು ದೇವರ ಸ್ತುತಿ, ಆಮೇಲೆ ಜೀಮೂತವಾಹನನೆಂಬ ವಿದ್ಯಾಧರ. ನಾಗನೊಬ್ಬನನ್ನು ಉಳಿಸಲು ಬಂಡೆಯ ಮೇಲೆ ಕುಳಿತು ತನ್ನ ಮೈಯನ್ನೇ ಗರುಡನಿಗೆ ಒಪ್ಪಿಸಿದವನು ಅವನು. ಅವನ ಕುಲದಲ್ಲಿ ಹುಟ್ಟಿದವನು ಕಪರ್ದಿ, ಅವನ ಮಗ ಪುಲ್ಲಶಕ್ತಿ, ಅವನ ಮಗ ಲಘು ಕಪರ್ದಿ, ಆಮೇಲೆ ವಪ್ಪುವನ್ನ, ಝಂಝ, ಗೊಗ್ಗಿ, ವಜ್ಜಡ, ಅಪರಾಜಿತ ಎಂದು ಪಟ್ಟಿ ಇಳಿಯುತ್ತದೆ. ಪಟ್ಟಿ ಮುಗಿಯುವ ಹೊತ್ತಿಗೆ ಸಾಕಷ್ಟು ತಾಮ್ರ ಖರ್ಚಾಗಿರುತ್ತದೆ. ನಿಜವಾದ ವಿಷಯ, ಯಾವ ಊರಿನ ಯಾವ ಹೊಲ ಯಾರಿಗೆ ಹೋಯಿತು ಎಂಬುದು ಬರುವುದು ಆಮೇಲೆ. ಇತಿಹಾಸಕಾರರು ಸಾಮಾನ್ಯವಾಗಿ ಮೇಲಿನ ಭಾಗವನ್ನು ರಾಜಕೀಯ ಇತಿಹಾಸಕ್ಕೆ ಬಳಸಿಕೊಂಡು, ಕೆಳಗಿನದನ್ನು ಸ್ಥಳನಾಮಗಳ ಅಧ್ಯಯನಕ್ಕೆ ಬಿಟ್ಟುಕೊಡುತ್ತಾರೆ. ನನಗೆ ಇವೆರಡೂ ಒಂದೇ ವಾಕ್ಯದ ಎರಡು ತುದಿಗಳಾಗಿ ಕಾಣುತ್ತವೆ. ಕೆಳಗಿನ ಹೊಲ ಇರದಿದ್ದರೆ ಮೇಲಿನ ಅಜ್ಜಂದಿರನ್ನು ಯಾರೂ ತಾಮ್ರಕ್ಕೆ ಇಳಿಸುತ್ತಿರಲಿಲ್ಲ.

ಇದು ನನ್ನ ಊಹೆಯಷ್ಟೇ ಅಲ್ಲ, ಧರ್ಮಶಾಸ್ತ್ರವೇ ಹಾಗೆ ಹೇಳುತ್ತದೆ. ಭೂಮಿ ದಾನ ಮಾಡುವ ರಾಜ ಮುಂದೆ ಬರುವ ಅರಸರಿಗೆ ತಿಳಿಯಲೆಂದು ಬಟ್ಟೆಯ ಮೇಲೋ ತಾಮ್ರದ ಮೇಲೋ ಬರೆಯಿಸಬೇಕು, ತನ್ನ ವಂಶದವರನ್ನೂ ತನ್ನನ್ನೂ ಹೆಸರಿಸಬೇಕು, ದಾನದ ಪ್ರಮಾಣವನ್ನೂ ಎಲ್ಲೆಯನ್ನೂ ಹೇಳಬೇಕು, ತನ್ನ ಮುದ್ರೆ ಒತ್ತಬೇಕು ಎಂಬ ವಿಧಿ ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ. ವಂಶ, ಪ್ರಮಾಣ, ಎಲ್ಲೆ, ಮುದ್ರೆ ನಾಲ್ಕೂ ಸೇರಿದರೆ ಮಾತ್ರ ಪತ್ರ ಊರ್ಜಿತ. ಇಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬೇಕು. ಅದೇ ಯಾಜ್ಞವಲ್ಕ್ಯ ಸ್ಮೃತಿಗೆ ಬಂದ ದೊಡ್ಡ ವ್ಯಾಖ್ಯಾನಗಳಲ್ಲಿ ಎರಡು ನಮ್ಮ ಕಥೆಗೆ ತೀರಾ ಹತ್ತಿರದವು. ಒಂದು, ನಮ್ಮ ಬಸವಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರಾ. ಇನ್ನೊಂದನ್ನು 12ನೇ ಶತಮಾನದಲ್ಲಿ ಬರೆದವನು ಇದೇ ಠಾಣೆಯ ಶಿಲಾಹಾರ ಮನೆತನದ ಅರಸ ಅಪರಾದಿತ್ಯ, ವಿದ್ವಾಂಸರ ಬಾಯಲ್ಲಿ ಅಪರಾರ್ಕ. ತಾನು ಜೀಮೂತವಾಹನನ ವಂಶದವನೆಂದು ಆ ಗ್ರಂಥದಲ್ಲೂ ಅವನು ಹೇಳಿಕೊಂಡಿದ್ದಾನೆ. ತಾಮ್ರಪಟದಲ್ಲಿ ವಂಶ ಬರೆಯಿಸಿದವನು, ಹಾಗೆ ಏಕೆ ಬರೆಯಿಸಬೇಕೆಂಬ ಶಾಸ್ತ್ರಕ್ಕೆ ಭಾಷ್ಯ ಬರೆದವನು, ಅಣ್ಣತಮ್ಮಂದಿರ ಆಸ್ತಿ ಹಂಚಿಕೆಯ ವಿಚಾರದಲ್ಲಿ ಮತ ಕೊಟ್ಟವನು ಒಬ್ಬನೇ. ಮಿತಾಕ್ಷರಾ ಪದ್ಧತಿಯಲ್ಲಿ ಮಗನಿಗೆ ಪಿತ್ರಾರ್ಜಿತದ ಮೇಲೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ಹುಟ್ಟೇ ಹಕ್ಕಾದ ಮೇಲೆ ಯಾರು ಯಾರಿಗೆ ಹುಟ್ಟಿದರೆಂಬ ಪಟ್ಟಿ ಆಸ್ತಿಯ ದಾಖಲೆಯಾಗದೆ ಇನ್ನೇನಾದೀತು?

ಇದಕ್ಕೆ ಮೊದಲ ಆಕ್ಷೇಪ ಯಾರಿಗಾದರೂ ಹೊಳೆಯುವಂಥದ್ದೇ. ವಿದ್ಯಾಧರನಿಂದ ಆರಂಭವಾಗುವ ಪಟ್ಟಿಯನ್ನು ದಾಖಲೆ ಎಂದು ಹೇಗೆ ನಂಬುವುದು? ಜೀಮೂತವಾಹನನ ಕಥೆ ಈ ಮನೆತನದ ಹೆಸರಿಗೆ ಹೊಂದಿಸಿಕೊಂಡದ್ದೆಂದು ಹೇಳಲು ಕಾರಣಗಳಿವೆ. ಶಾಸನಗಳಲ್ಲಿ ಈ ಹೆಸರು ಸಿಲಾರ, ಶಿಲಾರ ಎಂದೂ ಬರುತ್ತದೆ. ಅದನ್ನು ಸಂಸ್ಕೃತದಲ್ಲಿ ಶಿಲೆ ಮತ್ತು ಆಹಾರ ಎಂದು ಬಿಡಿಸಿ, ಬಂಡೆಯ ಮೇಲೆ ಆಹಾರವಾದವನ ಕಥೆಗೆ ಗಂಟು ಹಾಕಿದರೆಂದು ತೋರುತ್ತದೆ. ಇದನ್ನು ಒಪ್ಪಿಕೊಳ್ಳೋಣ. ಆದರೆ ತಲೆ ಕಟ್ಟುಕಥೆಯಾದ ಮಾತ್ರಕ್ಕೆ ಮೈಯೆಲ್ಲ ಕಟ್ಟುಕಥೆಯಾಗುವುದಿಲ್ಲ. ಖಾರೇಪಾಟಣದಲ್ಲಿ ಸಿಕ್ಕ ಅನಂತದೇವನ ತಾಮ್ರಪಟ ಶಕ 1016ರದು, ಅಂದರೆ ಕ್ರಿ.ಶ. 1094. ಅದರ ವಂಶಾವಳಿಯ ಮೊದಲ ಮೂವರು ಕಪರ್ದಿ, ಪುಲ್ಲಶಕ್ತಿ, ಲಘು ಕಪರ್ದಿ. ಈ ಪಟ ಬರೆದವನಿಗೆ ಅವರು ಎರಡೂವರೆ ಶತಮಾನ ಹಿಂದಿನವರು. ಹೆಸರು ಹುಟ್ಟಿಸಿರಬಹುದಲ್ಲ ಎಂದು ಅನುಮಾನಿಸಬಹುದು. ಆದರೆ ಕನ್ಹೇರಿಯ ಗುಹೆಗಳಿಗೆ ಹೋದರೆ ಅಲ್ಲಿ ಶಕ 765ರ, ಅಂದರೆ 843ರ ಬರಹದಲ್ಲಿ ಕಪರ್ದಿಯ ಉತ್ತರಾಧಿಕಾರಿ ಪುಲ್ಲಶಕ್ತಿ ಕಾಣಿಸುತ್ತಾನೆ. ಶಕ 799ರ, ಅಂದರೆ 877ರ ಬರಹದಲ್ಲಿ ಎರಡನೆಯ ಕಪರ್ದಿ ಕಾಣಿಸುತ್ತಾನೆ. ಅವು ಬೌದ್ಧ ವಿಹಾರಕ್ಕೆ ದಾನ ಬಿಟ್ಟ ಬರಹಗಳು. ಶಿಲಾಹಾರರ ಕೀರ್ತಿ ಹಾಡಲು ಅವನ್ನು ಕೊರೆದದ್ದಲ್ಲ, ವಂಶಾವಳಿ ಕಟ್ಟುವ ಉದ್ದೇಶ ಅವಕ್ಕೆ ಇರಲೇ ಇಲ್ಲ. ಹೀಗೆ ಬೇರೆ ಕಾರಣಕ್ಕೆ, ಬೇರೆ ಮತದವರ ಮನೆಯಲ್ಲಿ, ಬೇರೆ ಶತಮಾನದಲ್ಲಿ ಬರೆದ ಹೆಸರುಗಳು ತಾಮ್ರಪಟದ ಹೆಸರುಗಳೊಡನೆ ಕೂಡಿಬರುತ್ತವೆ. ಇದಕ್ಕಿಂತ ಗಟ್ಟಿ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ಕೇಳಲಾರದು.

ಇಂಥದ್ದೇ ಮಾತು ಜಗತ್ತಿನ ಇನ್ನೊಂದು ಮೂಲೆಯಲ್ಲೂ ನಡೆದಿದೆ. ಸ್ಕಾಟ್ಲೆಂಡಿನ ಭೂಮಾಲೀಕ ಮನೆತನಗಳು ತಮ್ಮ ಹೆಸರಿನ ಜೊತೆ ಎಸ್ಟೇಟಿನ ಹೆಸರನ್ನೂ ಹೊತ್ತುಕೊಂಡು ಬಂದವು. ಅವುಗಳಲ್ಲಿ ಕಿಂಟೇಲ್ ಸೀಮೆಯ ಮೆಕೆಂಜಿಗಳು, ತಮ್ಮ ಮೂಲಪುರುಷ ಐರ್ಲೆಂಡಿನಿಂದ ಬಂದ ಕಾಲಿನ್ ಫಿಟ್ಸ್‌ಜೆರಾಲ್ಡ್ ಎಂದೂ, 1263ರ ಲಾರ್ಗ್ಸ್ ಕಾಳಗದಲ್ಲಿ ತೋರಿದ ಶೌರ್ಯಕ್ಕೆ ಮೂರನೆಯ ಅಲೆಕ್ಸಾಂಡರ್ ದೊರೆ 1266ರಲ್ಲಿ ಕಿಂಟೇಲನ್ನು ಸನದು ಮಾಡಿಕೊಟ್ಟನೆಂದೂ ಬಹುಕಾಲ ಹೇಳುತ್ತಿದ್ದರು. 19ನೇ ಶತಮಾನದಲ್ಲಿ ವಿಲಿಯಂ ಸ್ಕೀನ್ ಎಂಬ ಇತಿಹಾಸಕಾರ ಈ ಕಥೆಯನ್ನು ತಳ್ಳಿಹಾಕಿದ. ಆದರೆ ಅವನೇ ಬೆಳಕಿಗೆ ತಂದ 1467ರ ಗೇಲಿಕ್ ಹಸ್ತಪ್ರತಿಯಲ್ಲಿ ಮೆಕೆಂಜಿಗಳ ವಂಶಾವಳಿ ಇತ್ತು. ಐರ್ಲೆಂಡಿನ ವೀರ ಅಲ್ಲಿರಲಿಲ್ಲ, ಸ್ಥಳೀಯ ಪೂರ್ವಜನೊಬ್ಬನಿದ್ದ. ತಲೆ ಬಿದ್ದುಹೋಯಿತು, ಮೈ ಉಳಿಯಿತು. ಈ ಮೆಕೆಂಜಿಗಳ ಅಧೀನದಲ್ಲಿದ್ದ ಲೂಯಿಸ್ ದ್ವೀಪದಲ್ಲೇ ಹುಟ್ಟಿ ಬೆಳೆದವನು, ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆದ ಕರ್ನಲ್ ಕಾಲಿನ್ ಮೆಕೆಂಜಿ. ಅವನು 1783ರಲ್ಲಿ ಇಂಡಿಯಾಕ್ಕೆ ಬಂದ. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರನ ಚರಿತ್ರೆ ಬರೆಸಬೇಕೆಂದು ಅದೇ ವಂಶದ ಲಾರ್ಡ್ ನೇಪಿಯರ್ ಹಂಬಲಿಸಿದ್ದರು. ಹಿಂದೂ ಗಣಿತದ ಮಾಹಿತಿಗಾಗಿ ಆ ಮನೆತನದ ನೆರವಿನಲ್ಲಿ ಮದುರೆಗೆ ಹೋದದ್ದೇ ಅವನ ಸಂಗ್ರಹದ ಹವ್ಯಾಸಕ್ಕೆ ನಾಂದಿಯಾಯಿತು. ಮುಂದೆ ಕಾವಲಿ ಬೊರ್ರಯ್ಯ, ಲಕ್ಷ್ಮಯ್ಯ ಮೊದಲಾದವರನ್ನು ಜೊತೆಗಿಟ್ಟುಕೊಂಡು ಅವನು ಊರೂರಿನ ಶಾನುಭೋಗರಿಂದ, ಪಾಳೆಯಗಾರರ ಮನೆಗಳಿಂದ ಕೈಫಿಯತ್ತುಗಳನ್ನು, ಅಂದರೆ ಊರು ಮನೆತನಗಳ ವೃತ್ತಾಂತಗಳನ್ನು, ಕೂಡಿಹಾಕಿದ. ಆ ಕೈಫಿಯತ್ತುಗಳಲ್ಲೂ ವಂಶಾವಳಿ ಮೊದಲು, ಊರು, ಉಂಬಳಿ, ಕಂದಾಯ ಆಮೇಲೆ. ಹೊಸ ಸರ್ಕಾರ ಬಂದಾಗ ಹಳೆಯ ಹಕ್ಕು ಹೇಳಿಕೊಳ್ಳಬೇಕಾದವರು ಬೇರೆ ಹೇಗೆ ಬರೆದಾರು?

ಠಾಣೆಗೆ ಮರಳೋಣ. ಈ ಪಟ್ಟಿಗಳು ನಂಬಿಕೆಗೆ ಅರ್ಹವೆಂದೆನಲ್ಲ, ಅವು ಮುಚ್ಚಿಡುವುದೂ ಉಂಟು. ಛದ್ವೈದೇವನೆಂಬ ಅರಸ ಇದ್ದನೆಂಬುದು ಅವನದೇ ತಾಮ್ರಪಟದಿಂದ ಗೊತ್ತು. ನಂತರದವರ ವಂಶಾವಳಿಗಳಲ್ಲಿ ಅವನ ಹೆಸರಿಲ್ಲ. ಅಣ್ಣನ ಮಗನಿಗೆ ಸಲ್ಲಬೇಕಾದದ್ದನ್ನು ಅವನು ಕಿತ್ತುಕೊಂಡಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಇಂದಿಗೂ ತಲಾಠಿಯ ಮುಂದೆ, ಗ್ರಾಮ ಆಡಳಿತ ಅಧಿಕಾರಿಯ ಮುಂದೆ ಬರೆದುಕೊಟ್ಟ ವಂಶವೃಕ್ಷದಲ್ಲಿ ಬಿಟ್ಟುಹೋದ ಹೆಸರಿಗಾಗಿಯೇ ವ್ಯಾಜ್ಯಗಳು ಏಳುವುದು. ದಾಯಾದಿಗಳ ಹಗೆಯ ಮಾತನ್ನು 1094ರ ಪಟವೇ ಬಿಚ್ಚಿ ಹೇಳುತ್ತದೆ. ಚಿತ್ತರಾಜ, ನಾಗಾರ್ಜುನ, ಮುಮ್ಮುಣಿ ಎಂಬ ಮೂವರು ಅಣ್ಣತಮ್ಮಂದಿರು ಒಬ್ಬರಾದ ಮೇಲೊಬ್ಬರು ಆಳಿದರು. ಅಂಬರನಾಥದ ದೇಗುಲದಲ್ಲಿರುವ ಶಕ 982ರ, ಅಂದರೆ 1060ರ ಶಾಸನ ಈ ಮುಮ್ಮುಣಿಯ ಕಾಲದ್ದು. ಆಮೇಲೆ ಪಟ್ಟಕ್ಕೆ ಬಂದವನು ನಾಗಾರ್ಜುನನ ಮಗ ಅನಂತದೇವ. ದಾಯಾದಿಗಳ ವೈರದ ದುರ್ದಿನಗಳಲ್ಲಿ ಕೊಂಕಣವನ್ನು ಹಾಳುಗೆಡವಿದ ದುಷ್ಟರನ್ನು ತಾನು ಕತ್ತಿಯ ಧಾರೆಯೆಂಬ ಕಡಲಿಗೆ ನೂಕಿದೆನೆಂದು ಅವನು ಬರೆಸಿದ. ಆ ಪಟದ ಕೆಳತುದಿಯಲ್ಲಿರುವುದು ಬಲಿಪಟ್ಟಣದ ಇಬ್ಬರು ಶ್ರೇಷ್ಠಿಗಳಿಗೆ ಸ್ಥಾನಕ, ನಾಗಪುರ, ಶೂರ್ಪಾರಕ, ಚೇಮುಲಿ ಬಂದರುಗಳಲ್ಲಿ ಕೊಟ್ಟ ಸುಂಕದ ಮಾಫಿ. ಕಾಳಗದಿಂದ ಪಟ್ಟ ಗಳಿಸಿದವನು ಸುಂಕ ಬಿಡುವ ಅಧಿಕಾರ ತನಗಿದೆಯೆಂದು ತೋರಿಸಬೇಕಿತ್ತು. ಕಪರ್ದಿಯಿಂದ ಮೊದಲುಗೊಂಡು ಅಷ್ಟು ಉದ್ದದ ಪಟ್ಟಿ ಅವನಿಗೆ ಬೇಕಾದದ್ದು ಅದಕ್ಕೇ.

ಒಂದು ಮನೆಯ ಹಕ್ಕುಪತ್ರದಲ್ಲಿ ಇನ್ನೊಂದು ಮನೆಯ ವಂಶಾವಳಿ ಬರುವುದನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅಪರಾಜಿತನ ಭಾದಾಣೆ ತಾಮ್ರಪಟ ಶಕ 919ರದು, 997. ಲೋನಾಡಿನ ಲೋಣಾದಿತ್ಯ ದೇವರಿಗೆ ಭಾದಾಣೆ ಊರನ್ನು ಬಿಟ್ಟ ಪತ್ರ ಅದು. ಆ ಪತ್ರ ತನ್ನ ವಂಶ ಹೇಳುವ ಮೊದಲು ರಾಷ್ಟ್ರಕೂಟರ ವಂಶವನ್ನು ಗೋವಿಂದರಾಜನಿಂದ ಕಕ್ಕಲನವರೆಗೆ ಹೇಳುತ್ತದೆ. ಚಾಲುಕ್ಯ ತೈಲಪ ಅವನನ್ನು ಸೋಲಿಸಿದ್ದನ್ನೂ, ರಟ್ಟರ, ಅಂದರೆ ರಾಷ್ಟ್ರಕೂಟರ, ಆಳ್ವಿಕೆ ಬರೀ ನೆನಪಾಗಿ ಉಳಿದದ್ದನ್ನೂ ನೋವಿನಿಂದ ದಾಖಲಿಸುತ್ತದೆ. ಆಗ ರಾಷ್ಟ್ರಕೂಟರು ಅಳಿದು ಎರಡು ದಶಕಗಳಾಗಿದ್ದವು. ಅಳಿದವರನ್ನು ಹೊಗಳಿ ಅಪರಾಜಿತನಿಗೆ ಆಗಬೇಕಾದ್ದೇನೂ ಇರಲಿಲ್ಲ. ಆದರೆ ಅವನ ಪೂರ್ವಜರಿಗೆ ಕೊಂಕಣ ದಕ್ಕಿದ್ದು ರಾಷ್ಟ್ರಕೂಟರಿಂದ. ಕನ್ಹೇರಿಯ ಬರಹದಲ್ಲಿ ಪುಲ್ಲಶಕ್ತಿಗೆ ಕೊಂಕಣ ಬಂದದ್ದು ಅಮೋಘವರ್ಷನ ಪ್ರಸಾದದಿಂದ ಎಂದಿದೆ. ನಮ್ಮ ಕವಿರಾಜಮಾರ್ಗ ಹುಟ್ಟಿದ್ದು ಯಾರ ಆಸ್ಥಾನದಲ್ಲೋ ಆ ಅಮೋಘವರ್ಷ ನೃಪತುಂಗನೇ ಈತ. ಕೊಟ್ಟವನ ಹಕ್ಕು ಗಟ್ಟಿಯಾಗಿದ್ದರೆ ತಾನೇ ಪಡೆದವನ ಹಕ್ಕು ಗಟ್ಟಿ? ದಕ್ಷಿಣ ಕೊಂಕಣದ ಶಿಲಾಹಾರ ರಟ್ಟರಾಜ ಹನ್ನೊಂದು ವರ್ಷಗಳ ನಂತರ, ಶಕ 930ರಲ್ಲಿ ಬರೆಸಿದ ಪಟದಲ್ಲಿ ಹಾದಿ ಸ್ವಲ್ಪ ತಿರುಗಿತು. ಅವನೂ ರಾಷ್ಟ್ರಕೂಟರ ವಂಶ ಹೇಳುತ್ತಾನೆ, ಆದರೆ ಅದರ ಮುಂದೆ ತೈಲಪ, ಸತ್ಯಾಶ್ರಯ ಎಂದು ಚಾಲುಕ್ಯರನ್ನೂ ಸೇರಿಸಿ, ಆಮೇಲೆ ತನ್ನ ಮೂಲಪುರುಷ ಸಣಫುಲ್ಲನಿಗೆ ಬರುತ್ತಾನೆ. ಈಗಿನ ಕ್ರಯಪತ್ರಗಳಲ್ಲಿ ಜಮೀನು ಯಾರಿಂದ ಯಾರಿಗೆ ಬಂತೆಂದು ಬರೆಯುವ ಕ್ರಮಕ್ಕೂ ಇದಕ್ಕೂ ಏನು ವ್ಯತ್ಯಾಸ?

ಇನ್ನು ಕನ್ನಡದ ಮಾತು. 1026ರ ಭಾಂಡೂಪ ಪಟವನ್ನು ಕೈಯಲ್ಲಿ ಹಿಡಿದು ಕೆಳಗಿನಿಂದ ನೋಡೋಣ. ಚಿತ್ತರಾಜ ಕೊಟ್ಟದ್ದು ಷಟ್‌ಷಷ್ಟಿ ವಿಷಯದ, ಅಂದರೆ ಸಾಷ್ಟಿಯ, ನೌರ ಎಂಬ ಊರಿನ ಒಂದು ಹೊಲ. ಅದರ ಒಂದು ಮಗ್ಗುಲಿಗೆ ಗೋಮ್ವಣಿ ಎಂಬ ಊರು, ಇನ್ನೊಂದಕ್ಕೆ ರಾಜಪಥ. ಪಡೆದವನ ಹೆಸರು ಆಮದೇವಯ್ಯ, ಅವನ ತಂದೆ ನೋಡಮಯ್ಯ. ಅಧಿಕಾರಿಗಳು ನಾಗಣಯ್ಯ, ಸೀಹಪಯ್ಯ, ಬರೆದವನು ಜೋಗಪಯ್ಯ. ಅದಕ್ಕೆ ಒಂಬತ್ತು ವರ್ಷ ಮೊದಲಿನ, 1017ರ ಅರಿಕೇಸರಿಯ ಠಾಣೆ ಪಟದಲ್ಲಿ ದಾನ ಪಡೆದವನು ತಿಕ್ಕಪಯ್ಯ, ತಾಮ್ರ ಕೊರೆದವನು ವೇದಪಯ್ಯನ ಮಗ ಮಂಧಾರಪಯ್ಯ. ಅಣ್ಣ, ಅಪ್ಪ, ಅಯ್ಯ ಒಂದರ ಮೇಲೊಂದು ಕೂಡಿ ಆದ ಈ ಹೆಸರುಗಳನ್ನು ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಪಟದ ಮೇಲಿನ ಭಾಗದಲ್ಲಿ ಅರಸರು ತಾವು ತಗರಪುರದ ಒಡೆಯರೆಂದು ಹೇಳಿಕೊಳ್ಳುತ್ತಾರೆ. ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್. ರಾಷ್ಟ್ರಕೂಟರು ಲಟ್ಟಲೂರಿನ, ಅಂದರೆ ಲಾತೂರಿನ ಒಡೆಯರೆಂದು ಹೇಳಿಕೊಂಡಂತೆಯೇ ಇದು. ತೇರ್, ಲಾತೂರು ಎರಡೂ ಒಂದೇ ಸೀಮೆಯವು, ಕನ್ನಡ ನಾಡಿನ ಅಂಚಿನವು. ಕೊಲ್ಹಾಪುರದ ಶಿಲಾಹಾರರೂ ಇದೇ ತಗರ, ಇದೇ ಜೀಮೂತವಾಹನ, ಇದೇ ಗರುಡಧ್ವಜ ಹೇಳಿಕೊಂಡವರು. ಅವರ ಬಿರುದುಗಳಲ್ಲಿ ಅಯ್ಯನಸಿಂಗ, ಮರುವಕ್ಕಸರ್ಪ, ಇಡುವರಾದಿತ್ಯ ಬರುತ್ತವೆ, ಹೇರ್ಲೆಯ ಶಕ 1040ರ ಶಾಸನ ಹಳೆಗನ್ನಡದಲ್ಲೇ ಇದೆ. ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಘಟ್ಟದ ಮೇಲಿನ ಕನ್ನಡ ಮಾತಿನ ಪರಿಸರದಿಂದ ಈ ಮನೆತನ ಕೊಂಕಣಕ್ಕೆ ಇಳಿದು ಬಂತು, ಬರುವಾಗ ತನ್ನ ಕರಣಿಕರನ್ನೂ ವಿಪ್ರರನ್ನೂ ಕರೆತಂದಿತು ಎಂದು ಹೇಳುವುದು ಸಾಹಸವೆನಿಸದು.

ಆದರೆ ಇದರಿಂದ ಠಾಣೆ ಕನ್ನಡ ನಾಡಾಗಿತ್ತೆಂದು ಹೇಳಹೊರಟರೆ ನಾನು ಒಪ್ಪಲಾರೆ. ಅದೇ ಭಾಂಡೂಪ ಪಟದಲ್ಲಿ ಕಪರ್ದಿ ಎಂಬ ಅಧಿಕಾರಿಯೊಬ್ಬ ಕರ್ಣಾಟ ಸಾಂಧಿವಿಗ್ರಹಿಕ, ಅಂದರೆ ಕರ್ಣಾಟಕದೊಡನೆ ಯುದ್ಧ ಸಂಧಿಗಳ ಮಾತಾಡುವ ಮಂತ್ರಿ. ಕರ್ಣಾಟಕದ ವ್ಯವಹಾರಕ್ಕೆ ಬೇರೆ ಮಂತ್ರಿಯನ್ನು ಇಟ್ಟುಕೊಳ್ಳಬೇಕಾಗಿತ್ತೆಂದರೆ 1026ರ ಹೊತ್ತಿಗೆ ಠಾಣೆಯ ಅರಸರ ಪಾಲಿಗೆ ಅದು ನೆರೆರಾಜ್ಯ. ಜನರ ಮಾತು ಬೇರೆಯಾಗಿತ್ತು ಎಂಬುದಕ್ಕೂ ಈ ಮನೆತನದ ದಾಖಲೆಗಳೇ ಸಾಕ್ಷಿ: 1187ರ ಪರಳ ಶಾಸನದಲ್ಲಿ, ದಾನ ಕೆಡಿಸಿದವನಿಗೆ ಹಾಕುವ ಶಾಪ ಮರಾಠಿಯಲ್ಲಿದೆ. ಶಾಪ ಊರವರಿಗೆ ಅರ್ಥವಾಗಬೇಕು. ಅರ್ಥವಾಗದ ಶಾಪಕ್ಕೆ ಯಾರೂ ಹೆದರುವುದಿಲ್ಲ. ನಮ್ಮ ಶಾಸನಗಳಲ್ಲಿ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಕನ್ನಡದಲ್ಲೇ ಬರುವುದೂ ಅದಕ್ಕೇ. ಡೊಂಬಿವಲಿ, ಕಾಂದಿವಲಿಗಳ ವಲಿಯನ್ನು ನಮ್ಮ ಹಳ್ಳಿಯೊಡನೆ ಜೋಡಿಸಿ ಹಕ್ಕು ಸಾಧಿಸುವವರೂ ಇದ್ದಾರೆ. ಪಲ್ಲಿ ಎಂಬ ಮಾತು ಸಂಸ್ಕೃತ, ಪ್ರಾಕೃತಗಳಲ್ಲಿ ಊರಿ ಬಹಳ ಕಾಲವಾಗಿತ್ತು, ಅದೊಂದರಿಂದ ಏನೂ ಸಿದ್ಧವಾಗದು. ಅಯ್ಯ ಎಂಬ ಹೆಸರಿನ ತುದಿ ರಾಷ್ಟ್ರಕೂಟರ ಆಸ್ಥಾನದ ಮರ್ಯಾದೆಯಾಗಿ ಹರಡಿದ್ದಿರಬಹುದಲ್ಲ, ಹೆಸರಿನ ಒಡೆಯರು ಕನ್ನಡಿಗರೇ ಆಗಬೇಕೆಂದಿಲ್ಲವಲ್ಲ ಎಂದು ಕೇಳಿದರೆ, ಒಬ್ಬೊಬ್ಬರ ವಿಷಯದಲ್ಲಿ ಅದನ್ನು ಅಲ್ಲಗಳೆಯಲಾಗದು. ಆದರೆ ಅರಸರ ಹೆಸರುಗಳು ಅರಿಕೇಸರಿ, ನಾಗಾರ್ಜುನ, ಅನಂತದೇವ ಎಂದು ಸಂಸ್ಕೃತಕ್ಕೆ ತಿರುಗಿದ ಮೇಲೂ ಬರೆಯುವವನ, ಕೊರೆಯುವವನ, ಹೊಲ ಪಡೆದವನ ಹೆಸರಿನಲ್ಲಿ ಅಯ್ಯ ಉಳಿದಿದೆ. ಆಸ್ಥಾನದ ಮೋಜಿಗೆ ಇಟ್ಟುಕೊಂಡ ಹೆಸರಾದರೆ ಅರಸರೊಡನೆ ಅದೂ ಬದಲಾಗಬೇಕಿತ್ತು. ತಂದೆಯದೂ ಮಗನದೂ ಒಂದೇ ಬಗೆಯ ಹೆಸರಾಗಿರುವುದು ಮನೆಯ ವಾಡಿಕೆಯನ್ನು ತೋರಿಸುತ್ತದೆ. ವಂಶಾವಳಿಯ ತಲೆಯಲ್ಲಿ ಮರೆಯಾದ ಮೂಲ, ಅದರ ಕಾಲಬುಡದ ಸಾಲುಗಳಲ್ಲಿ ಉಳಿದುಕೊಂಡಿತು.

ಈ ಮನೆತನದ ಕೊನೆಯ ಅರಸ ಸೋಮೇಶ್ವರ. ದೇವಗಿರಿಯ ಯಾದವ ಮಹಾದೇವನ ಆನೆಗಳ ಪಡೆಗೆ ಸೋತು, ಸುಮಾರು 1265ರಲ್ಲಿ ಅವನು ಕಡಲಲ್ಲೇ ಮುಳುಗಿಹೋದನೆಂದು ಯಾದವರ ಮಂತ್ರಿ ಹೇಮಾದ್ರಿ ಬರೆದಿದ್ದಾನೆ. ಕಪರ್ದಿಯ ವಂಶ ಅಲ್ಲಿಗೆ ನಿಂತಿತು. ಅವರ ಅರಮನೆಯ ಕಡತ ಒಂದೂ ನಮಗೆ ಬಂದಿಲ್ಲ. ಬಂದದ್ದೆಲ್ಲ ಕೊಟ್ಟವರ ಮನೆಯಿಂದಾಚೆಗೆ ಹೋದ ಪತ್ರಗಳು. ಅರಿಕೇಸರಿಯ ಪಟ ಠಾಣೆಯಲ್ಲಿ ಪಾಯ ಅಗೆಯುವಾಗ 1787ರಲ್ಲಿ ಸಿಕ್ಕಿತು, ಮರುವರ್ಷ ಏಷಿಯಾಟಿಕ್ ರಿಸರ್ಚಸ್‌ನ ಮೊದಲ ಸಂಪುಟದಲ್ಲೇ ಅದರ ಅನುವಾದ ಅಚ್ಚಾಯಿತು. ಚಿತ್ತರಾಜನದು ಮುಂದಿನ ಶತಮಾನದಲ್ಲಿ ಭಾಂಡೂಪಿನ ಹೊಲದಲ್ಲಿ ರೈತನೊಬ್ಬನಿಗೆ ಸಿಕ್ಕಿತು. ವಾಸುದೇವ ವಿಷ್ಣು ಮಿರಾಶಿಯವರು ಶಿಲಾಹಾರರ ಎಲ್ಲ ಶಾಖೆಗಳ ಶಾಸನಗಳನ್ನೂ ಒಂದೇ ಸಂಪುಟಕ್ಕೆ ತಂದದ್ದು 1977ರಲ್ಲಿ. ಜೀಮೂತವಾಹನನಿಂದ ಚಿತ್ತರಾಜನವರೆಗಿನ ಆ ಹೆಸರುಗಳನ್ನು ಅಷ್ಟು ಕಾಲ ಜೋಪಾನ ಮಾಡಿದವರು ಶಿಲಾಹಾರರಲ್ಲ. ರಾಜಪಥದ ಪಕ್ಕದ ಹೊಲವನ್ನು ಪಡೆದ ಆಮದೇವಯ್ಯನೂ ಅವನಂಥವರೂ, ಮುಂದೆ ಯಾರಾದರೂ ಬಂದು ಕೇಳಿದರೆ ತೋರಿಸಲೆಂದು, ಆ ಮೂರು ಹಲಗೆಗಳನ್ನು ಬಳೆ ಬಿಚ್ಚದೆ ಎತ್ತಿಟ್ಟಿದ್ದರು.